ಹಂಡೆ ಹೊತ್ತು ಕಡಲಿಗೆ

ನಮ್ಮಪ್ಪ ಮದುವೆಗೆ ಕೊಟ್ಟ ತಾಮ್ರದ ಹಂಡೆಗೆ ನಮ್ಮ ಯಜಮಾನರು ಕಿಟಕಿ ಕೊರೆದ ದಿನವೇ ನಾನು ತೀರ್ಮಾನ ಮಾಡಿಬಿಟ್ಟೆ, ಈ ಮನುಷ್ಯನ ಜೊತೆ ನನ್ನ ಬಾಳು ಸಾಗೋದಿಲ್ಲ, ಕೆಂಗೇರಿಯ ತೌರಿಗೆ ಹೋಗಿಬಿಡಬೇಕು ಅಂತ. ಹಂಡೆಗೆ ಕಿಟಕಿ ಅಂದರೆ ಸುಳ್ಳಲ್ಲ. ಸ್ನಾನದ ನೀರು ಕಾಯಿಸುವ ಗುಂಡನೆಯ ಹಂಡೆ. ಅದರ ಹೊಟ್ಟೆಯನ್ನು ಅಂಗೈ ಅಗಲಕ್ಕೆ ಕತ್ತರಿಸಿ, ದಪ್ಪ ಗಾಜು ಕೂರಿಸಿ, ಸುತ್ತ ಬೆಸುಗೆ ಹಾಕಿದ್ದರು. ಅದನ್ನು ತಲೆಕೆಳಗು ಮಾಡಿ ತಲೆಗೆ ಹಾಕಿಕೊಂಡು ನಡುಮನೆಯಲ್ಲಿ ನಿಂತಿದ್ದರು. ನಾನು ತರಕಾರಿ ಚೀಲ ಹಿಡಿದು ಬಾಗಿಲಲ್ಲಿ ನಿಂತು ನೋಡಿದೆ. ಗಾಜಿನ ಹಿಂದೆ ಅವರ ಮೂಗು, ಮೀಸೆ.

"ನಮ್ಮಪ್ಪ ಕೊಟ್ಟಿದ್ದು ರೀ ಅದು!" ಅಂತ ಕಿರುಚಿದೆ.

"ಗೊತ್ತು ಕಣೇ," ಅಂತ ಹಂಡೆಯೊಳಗಿಂದ ದನಿ ಬಂತು. "ಆಮೇಲೆ ಮುಚ್ಚಿ ಕೊಡ್ತೀನಿ."

ನಾವಾಗ ಬಿನ್ನಿಪೇಟೆಯ ಒಂದು ವಠಾರದಲ್ಲಿದ್ದೆವು. ಒಂದೂವರೆ ಕೋಣೆ. ಗಿರಣಿಯ ಸೈರನ್ ಕೂಗಿದರೆ ಏಳಬೇಕು, ಕೂಗಿದರೆ ಉಣ್ಣಬೇಕು. ನಮ್ಮವರು ಗಿರಣಿಯವರಲ್ಲ, ರಾಜಾಜಿನಗರದಲ್ಲಿ ಹೊಸದಾಗಿ ಎದ್ದಿದ್ದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಆದರೂ ಇಡೀ ವಠಾರಕ್ಕೆ ಆ ಸೈರನ್ನೇ ಗಡಿಯಾರ. ನಾನು ಹೊಲ ಗದ್ದೆ ಸುತ್ತಿ ಬೆಳೆದವಳು. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಅಕ್ಕಿ ಆರಿಸಲು ಕೂತರೆ ಅರ್ಧಕ್ಕೆ ಎದ್ದು ಬೀದಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಮಾಗಡಿ ರಸ್ತೆಯಲ್ಲಿ ಹೋಗುವ ಬಸ್ಸು ಕಂಡರೆ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿಲ್ಲದೆ ಹತ್ತಿಬಿಡಬೇಕು ಅನ್ನಿಸುತ್ತಿತ್ತು. ನಮ್ಮವರೋ, ಕೂತರೆ ಕೂತರು. ಒಂದು ಅರ ಹಿಡಿದು ಕಬ್ಬಿಣದ ತುಂಡನ್ನು ಉಜ್ಜುತ್ತ ಭಾನುವಾರ ಪೂರ್ತಿ ಕಳೆಯುವವರು. ನಾನು ನೂರು ಮಾತಾಡಿದರೆ ಒಂದು "ಹೂಂ". ಮದುವೆಯಾಗಿ ಎರಡು ವರ್ಷಕ್ಕೆ ಆ ಹೂಂ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಈ ಹಂಡೆಯ ಹುಚ್ಚಿಗೆ ಒಂದು ಲೆಕ್ಕಕ್ಕೆ ನಾನೇ ಕಾರಣ. ಕೆಂಗೇರಿಯಲ್ಲಿ ನಮ್ಮಪ್ಪ, ಚಿಕ್ಕಪ್ಪಂದಿರು ಬೇಸಿಗೆಯಲ್ಲಿ ಸುತ್ತಲ ತೋಟಗಳ ಬಾವಿಗೆ ಇಳಿದು ಹೂಳೆತ್ತುತ್ತಿದ್ದರು. ನಾನು ಎಂಟು ವರ್ಷದವಳಿದ್ದಾಗ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನನ್ನನ್ನೂ ಬಾವಿಗೆ ನೂಕಿದ್ದರು. ಒಂದು ತಿಂಗಳಿಗೆ ಬುರುಡೆ ಬಿಚ್ಚಿ ಬಿಸಾಡಿ ಮುಳುಗು ಹಾಕುವುದನ್ನು ಕಲಿತೆ. ಮದುವೆಯಾದ ಹೊಸತರಲ್ಲಿ ನಮ್ಮವರಿಗೆ ಅದನ್ನೆಲ್ಲ ಹೇಳಿದ್ದೆ. ನೀರೊಳಗೆ ಕಣ್ಣು ಬಿಟ್ಟರೆ ಬೆಳಕು ಹಸಿರಾಗಿರುತ್ತದೆ, ಕಲ್ಲಿನ ಸಂದಿಯಿಂದ ಬೇರುಗಳು ಜೋತು ಅಲ್ಲಾಡುತ್ತಿರುತ್ತವೆ, ಸುಮ್ಮನೆ ನಿಂತರೆ ಮರಿ ಮೀನು ಬಂದು ಕಾಲ್ಬೆರಳು ಕಚ್ಚುತ್ತವೆ ಅಂತ. ಅವರು ಕೆರೆ ಬಾವಿಗೆ ಇಳಿದವರಲ್ಲ, ಈಜು ಬಾರದು. ಅದಕ್ಕೂ ಹೂಂ ಅಂದಿದ್ದರು. ನಾನು ಹೇಳಿ ಮರೆತೆ.

ಈಗ ನೋಡಿದರೆ ಹಂಡೆ. ಅದರ ನೆತ್ತಿಗೆ ರಬ್ಬರ್ ಪೈಪು, ಪೈಪಿನ ಇನ್ನೊಂದು ತುದಿಗೆ ಲಾರಿ ಟಯರಿಗೆ ಗಾಳಿ ಹೊಡೆಯುವ ಪಂಪು. ಹಂಡೆಯ ಬಾಯಿ ಹೆಗಲ ಮೇಲೆ ಕೂರುವಂತೆ ಅಂಚಿಗೆ ಸೈಕಲ್ ಟ್ಯೂಬು. ತೇಲದ ಹಾಗೆ ಸುತ್ತ ಕಬ್ಬಿಣದ ಗುಂಡುಗಳು. ಮೇಲಿನಿಂದ ಗಾಳಿ ಹೊಡೆಯುತ್ತಿದ್ದರೆ ಹಂಡೆಯೊಳಗೆ ನೀರು ಏರುವುದಿಲ್ಲ, ಹೆಚ್ಚಾದ ಗಾಳಿ ಕೆಳಗಿನಿಂದ ಗುಳ್ಳೆಯಾಗಿ ಹೋಗುತ್ತದೆ, ಅದರೊಳಗೆ ಉಸಿರಾಡಿಕೊಂಡು ಎಷ್ಟು ಹೊತ್ತು ಬೇಕಾದರೂ ಇರಬಹುದು ಅಂತ ಅವರ ವಾದ. ಒಂದು ಭಾನುವಾರ ಶ್ರೀಗಂಧದ ಕಾವಲಿನ ಆಚೆ ಕಲ್ಲು ಒಡೆದ ಹೊಂಡದಲ್ಲಿ ಇಳಿದೂ ನೋಡಿದರು. ಪಂಪು ಹೊಡೆದವಳು ನಾನು. ಹಗ್ಗ ಹಿಡಿದವನು ಅವರ ಸ್ನೇಹಿತ, ಒಂದು ಬೇಕರಿಯ ವ್ಯಾನ್ ಓಡಿಸುತ್ತಿದ್ದ ಡ್ರೈವರ್, ನನ್ನನ್ನು ಅತ್ತಿಗೆ ಅನ್ನುತ್ತಿದ್ದವನು. ಹಗ್ಗದ ಸನ್ನೆ ಮಾತ್ರ ನಮ್ಮ ತೌರಿನದು, ನಾನೇ ಕಲಿಸಿದ್ದು. ಕೆಳಗಿರುವವನು ಒಂದು ಸಲ ಜಗ್ಗಿದರೆ ಎಲ್ಲ ಸರಿ, ಎರಡು ಸಲ ಜಗ್ಗಿದರೆ ಮೇಲೆಳಿ. ನಮ್ಮ ಚಿಕ್ಕಪ್ಪಂದಿರ ಜೀವ ಬಾವಿಯಲ್ಲಿ ಆ ಎರಡು ಜಗ್ಗಿನ ಮೇಲೆ ನಿಂತಿರುತ್ತಿತ್ತು.

ಹೊಂಡದಲ್ಲಿ ಸನ್ನೆ ಚೆನ್ನಾಗಿ ನಡೆಯಿತು. ಮೇಲೆ ಬಂದವರ ಮುಖ ಮಾತ್ರ ಸಪ್ಪಗಿತ್ತು. "ಬರೀ ರಾಡಿ. ಏನೂ ಕಾಣಲ್ಲ," ಅಂದರು.

"ಸಮುದ್ರದಲ್ಲಿ ನೀರು ತಿಳಿ ಇರುತ್ತೆ ಅಣ್ಣ," ಅಂದ ಡ್ರೈವರ್. ಅವನ ಬೇಕರಿಯ ಹಳೇ ವ್ಯಾನನ್ನು ಮಲ್ಪೆಯ ಯಾರೋ ಕೊಂಡಿದ್ದರು. ಅದನ್ನು ಅಲ್ಲಿಗೆ ಮುಟ್ಟಿಸಿ ಬರುವ ಕೆಲಸ ಇವನ ತಲೆಗೆ ಬಂದಿತ್ತು. ಜೊತೆಗೆ ಬನ್ನಿ, ವಾಪಸ್ಸು ಬಸ್ಸಿನಲ್ಲಿ ಬರೋಣ ಅಂದ.

ನಾನು ಥಟ್ಟನೆ ಒಪ್ಪಿದ್ದು ನೋಡಿ ನಮ್ಮವರಿಗೆ ಆಶ್ಚರ್ಯವಾಗಿರಬೇಕು. ನನ್ನ ಲೆಕ್ಕವೇ ಬೇರೆ. ವಾಪಸ್ಸು ಬರುವ ಬಸ್ಸು ಮೈಸೂರು ಸುತ್ತಿಕೊಂಡು ಮೈಸೂರು ರಸ್ತೆಯಲ್ಲಿ ಬರುತ್ತದೆ, ಕೆಂಗೇರಿಯಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿದುಬಿಡುವುದು, ಬಿನ್ನಿಪೇಟೆಯ ಮುಖ ಮತ್ತೆ ನೋಡುವುದಿಲ್ಲ. ಹೋಗುವ ಮುಂಚೆ ಸಮುದ್ರವನ್ನೂ ಒಂದು ಸಲ ನೋಡಿದಂತಾಯಿತು. ನಾಲ್ಕು ದಿನದ ಪಯಣಕ್ಕೆ ನನ್ನ ಎಂಟೂ ಸೀರೆ ಗಂಟು ಕಟ್ಟಿದೆ. ನಮ್ಮವರು ಆ ಗಂಟನ್ನು ಎತ್ತಿ ವ್ಯಾನಿಗೆ ಹಾಕುವಾಗ ಒಂದು ಗಳಿಗೆ ಅದರ ತೂಕ ನೋಡಿದರು.

ವ್ಯಾನಿನ ಹಿಂದುಗಡೆ ಬ್ರೆಡ್ಡಿನ ತಟ್ಟೆಗಳನ್ನು ತೆಗೆದು ಜಮಖಾನ ಹಾಸಿದ್ದರು. ವರ್ಷಗಟ್ಟಲೆ ಬನ್ನು ಹೊತ್ತ ವ್ಯಾನು, ಹಾಸನ ದಾಟಿದರೂ ಅದೇ ಸಿಹಿ ವಾಸನೆ. ಹಂಡೆ ನನ್ನ ಪಕ್ಕದಲ್ಲೇ ಉರುಳಾಡುತ್ತ, ತಿರುವು ಬಂದಾಗಲೆಲ್ಲ ನನ್ನ ಮೊಣಕಾಲಿಗೆ ಗುದ್ದುತ್ತಿತ್ತು. ನನಗೆ ಒಳಗೆ ಕೂರಲಾಗದು. ರೇಡಿಯೇಟರಿಗೆ ನೀರು ಹಾಕಲು ನಿಲ್ಲಿಸಿದಾಗಲೆಲ್ಲ ನಾನು ಇಳಿದು ರಸ್ತೆಯಲ್ಲಿ ಮುಂದೆ ಮುಂದೆ ನಡೆದುಬಿಡುತ್ತಿದ್ದೆ. ವ್ಯಾನು ಬಂದು ಹಿಂದೆ ಹಾರ್ನ್ ಹೊಡೆದ ಮೇಲೆ ಹತ್ತುವುದು. "ಅತ್ತಿಗೆ ನಡ್ಕೊಂಡೇ ಮಲ್ಪೆ ಸೇರ್ತಾರೆ ಅಣ್ಣ," ಅಂತ ಡ್ರೈವರ್ ನಗುತ್ತಿದ್ದ. ಘಟ್ಟ ಇಳಿದ ಮೇಲೆ ಸೆಕೆ ಶುರುವಾಯಿತು. ಆ ಕಡೆಯೆಲ್ಲ ಆಗಿನ್ನೂ ಮದ್ರಾಸಿಗೆ ಸೇರಿದ ಸೀಮೆ. ಒಂದು ಹೊಳೆಗೆ ಸೇತುವೆಯೇ ಇಲ್ಲ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹೊಡೆದಿದ್ದರ ಮೇಲೆ ವ್ಯಾನನ್ನೇ ಹತ್ತಿಸಿ ಆಚೆ ದಡಕ್ಕೆ ದಾಟಿಸಿದರು. ನಾನು ಅದರ ತುದಿಯಲ್ಲಿ ನಿಂತು ನೀರು ನೋಡುತ್ತಿದ್ದೆ. ನಮ್ಮವರು ಹಿಂದಿನಿಂದ ನನ್ನ ಸೆರಗನ್ನು ಹಿಡಿದುಕೊಂಡಿದ್ದರು, ನನಗೆ ಗೊತ್ತಾಗಲಿ ಅಂತಲ್ಲ.

ಮಲ್ಪೆಯಲ್ಲಿ ವ್ಯಾನು ಕೊಂಡವರು ಒಳ್ಳೆಯ ಜನ. ಇನ್ನೆರಡು ದಿನ ವ್ಯಾನನ್ನು ನೀವೇ ಇಟ್ಟುಕೊಳ್ಳಿ ಅಂದರು. ಹೊಳೆ ಸಮುದ್ರ ಸೇರುವ ಕಡೆ, ತೆಂಗಿನ ಮರದ ಕೆಳಗೆ ವ್ಯಾನು ನಿಲ್ಲಿಸಿದೆವು. ಪಕ್ಕದ ಗುಡಿಸಿಲಿನ ಮೀನುಗಾರನೊಬ್ಬ ನಮ್ಮ ಹಂಡೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕ ತಪ್ಪಿಗೋ ಏನೋ, ತನ್ನ ದೋಣಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದ. ಆದರೆ ಮೊದಲ ದಿನ ಗಾಳಿ ಜೋರು, ಕಡಲಿಗೆ ಬೇಡ ಅಂದುಬಿಟ್ಟ. ನಮ್ಮವರು ಪೈಪಿನ ಕೀಲು ಬಿಚ್ಚಿ ಮತ್ತೆ ಕೂರಿಸುತ್ತ ಮರಳಿನಲ್ಲಿ ಕೂತರು.

ನಾನು ಸುಮ್ಮನಿರಲಾರದೆ, ದಡದಲ್ಲಿ ಕಟ್ಟಿದ್ದ ಚಿಕ್ಕ ದೋಣಿ ಕೇಳಿದೆ. ಒಂದೇ ಮರ ಕೊರೆದು ಮಾಡಿದ್ದು, ಒಬ್ಬರು ಕೂತು ಹುಟ್ಟು ಹಾಕುವಂಥದ್ದು. "ಹೊಳೆಯಲ್ಲಿ ಮಾತ್ರ ಆಯ್ತಾ, ಕಡಲಿಗೆ ಹೋಗ್ಬೇಡಿ ಅಕ್ಕ," ಅಂತ ಕೊಟ್ಟ. ಮೊದಲು ಗಾಣದೆತ್ತಿನ ಹಾಗೆ ಇದ್ದಲ್ಲೇ ಸುತ್ತಿದೆ. ಆಮೇಲೆ ಕೈಗೆ ಹದ ಸಿಕ್ಕಿತು. ಎಡಕ್ಕೆ ಎರಡು, ಬಲಕ್ಕೆ ಎರಡು. ದೋಣಿ ಮುಂದೆ ಓಡಿತು. ಹೊಳೆಯ ತಿರುವಿನಲ್ಲಿ ನಾಲ್ಕು ನೀರುನಾಯಿಗಳು ತಲೆ ಎತ್ತಿ ನನ್ನನ್ನೇ ನೋಡಿದವು, ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದರ ಬಾಯಲ್ಲಿ ಮೀನು ಇನ್ನೂ ಒದ್ದಾಡುತ್ತಿತ್ತು. ಗೂಟದ ಮೇಲಿದ್ದ ಮಿಂಚುಳ್ಳಿ ನನ್ನ ಮುಂದೆಯೇ ನೀರಿಗೆ ಬಿದ್ದು ಎದ್ದಿತು. ಬೆಳ್ಳಿ ಮೀನುಗಳು ತಾವಾಗಿಯೇ ನೀರಿನಿಂದ ಹಾರುತ್ತಿದ್ದವು. ಎಷ್ಟು ಹೊತ್ತು ಹೋದೆನೋ ಗೊತ್ತಿಲ್ಲ, ಆ ಹೊತ್ತೆಲ್ಲ ಎದ್ದು ಎಲ್ಲಿಗಾದರೂ ಹೋಗಬೇಕು ಅಂತ ಒಂದು ಸಲವೂ ಅನ್ನಿಸಲಿಲ್ಲ. ಎರಡು ವರ್ಷದಲ್ಲಿ ಅಷ್ಟು ಸಂತೋಷ ಪಟ್ಟಿರಲಿಲ್ಲ. ಆ ಸಂತೋಷಕ್ಕೆ ಗಂಡನ ಅಗತ್ಯವೂ ಇರಲಿಲ್ಲ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಕೆಂಗೇರಿಯಲ್ಲಿ ಇಳಿಯುವುದೇ ಸರಿ ಅಂತ ಹುಟ್ಟು ಹಾಕುತ್ತಲೇ ಇನ್ನೊಮ್ಮೆ ಗಟ್ಟಿ ಮಾಡಿಕೊಂಡೆ.

ಮಾರನೆಯ ಬೆಳಿಗ್ಗೆ ಗಾಳಿ ಇಳಿದಿತ್ತು. ದೊಡ್ಡ ದೋಣಿಯಲ್ಲಿ ನಾವು ಮೂವರು, ಮೀನುಗಾರ, ಹಂಡೆ. ದಡದಿಂದ ಸ್ವಲ್ಪ ದೂರದಲ್ಲಿ ಕರೀ ಬಂಡೆಗಳ ಗುಂಪು. ಅದರ ಮರೆಯಲ್ಲಿ ದೋಣಿ ನಿಲ್ಲಿಸಿದ. ನೀರು ಎರಡಾಳು ಆಳ, ತಳದ ಮರಳು ಮಸುಕಾಗಿ ಕಾಣುತ್ತಿತ್ತು. ನಮ್ಮವರು ಚಡ್ಡಿ ಬನಿಯನ್ನಿನಲ್ಲಿ ದೋಣಿಯ ಅಂಚಿಗೆ ಬಂದು ನಿಂತರು. ಈಜು ಬಾರದ ಮನುಷ್ಯ! ಹಂಡೆ ತಲೆಗೆ ಇಳಿಸುವ ಮುಂಚೆ ನನ್ನ ಕಡೆ ನೋಡಿ, "ಪಂಪು ನಿಲ್ಲಿಸ್ಬೇಡ ಕಣೇ," ಅಂದರು.

ಸೊಂಟದ ಹಗ್ಗ ಡ್ರೈವರ್ ಕೈಯಲ್ಲಿ. ಪಂಪಿನ ಹಿಡಿ ನನ್ನ ಕೈಯಲ್ಲಿ. ಅವರು ಇಳಿದರು. ಹಂಡೆಯ ತಾಮ್ರ ಹೊಳೆಯುತ್ತ ಕೆಳಗೆ ಹೋಯಿತು, ಗುಳ್ಳೆ ಬುಳುಬುಳು ಮೇಲೆ ಬಂತು. ಹಗ್ಗ ಒಂದು ಸಲ ಜಗ್ಗಿತು. ಎಲ್ಲ ಸರಿ.

ಎತ್ತು, ಒತ್ತು. ಎತ್ತು, ಒತ್ತು. ಅಷ್ಟೇ ಕೆಲಸ. ಅದರಷ್ಟು ಬೇಜಾರಿನ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ. ಸ್ವಲ್ಪ ಹೊತ್ತಿಗೇ ರಟ್ಟೆ ನೋಯತೊಡಗಿತು, ಬಿಸಿಲು ನೆತ್ತಿ ಸುಡುತ್ತಿತ್ತು, ನನ್ನ ಮನಸ್ಸು ನಿನ್ನೆಯ ಹೊಳೆಗೆ ಹೋಯಿತು. ಈ ಯಜಮಾನರು ಕೆಳಗೆ ನಿಂತು ನೋಡುವುದು, ನಾನು ಇಲ್ಲಿ ಗಾಳಿ ಹೊಡೆಯುವುದು, ಇದೆಲ್ಲಿಯ ನ್ಯಾಯ ಅಂತ ಸಿಟ್ಟೂ ಬಂತು. ಅಷ್ಟರಲ್ಲಿ ದೋಣಿಯ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಒಂದು ಕಡಲಾಮೆ ಎದ್ದಿತು. ಒಂದು ದೊಡ್ಡ ಮೊರದಷ್ಟು ಅಗಲ. ಮುದುಕರ ಮುಖ. ಬುಸ್ ಅಂತ ಉಸಿರು ಬಿಟ್ಟು, ಒದ್ದೆ ಕಣ್ಣಿನಿಂದ ನನ್ನನ್ನು ನೋಡಿತು. ಬೆನ್ನ ಮೇಲೆ ಪಾಚಿ, ಪಾಚಿಯಲ್ಲಿ ಸಣ್ಣ ಸಣ್ಣ ಚಿಪ್ಪು. ನಾನು ಬಗ್ಗಿ ನೋಡಿದೆ. ಅದು ಮುಳುಗಿ ದೋಣಿಯ ಅಡಿಯಿಂದ ಆಚೆ ಪಕ್ಕಕ್ಕೆ ಬಂತು. ನಾನೂ ಆಚೆ ಪಕ್ಕಕ್ಕೆ ಬಗ್ಗಿದೆ.

"ಅಕ್ಕ! ಗಾಳಿ!" ಅಂತ ಮೀನುಗಾರ ಕೂಗಿದ.

ನೀರಿನ ಮೇಲೆ ಗುಳ್ಳೆ ಇರಲಿಲ್ಲ. ಎಷ್ಟು ಹೊತ್ತಾಗಿತ್ತು? ಇವತ್ತಿಗೂ ನನಗೆ ಗೊತ್ತಿಲ್ಲ. ಪಂಪಿಗೆ ಬಿದ್ದು ಹೊಡೆಯತೊಡಗಿದೆ. ಅದೇ ಗಳಿಗೆಗೆ ಡ್ರೈವರ್, "ಅತ್ತಿಗೆ, ಎರಡು ಸಲ ಜಗ್ಗಿತು! ಮತ್ತೆ ಎರಡು!" ಅಂದ. ಅವನು ಎಳೆದ. ಹಗ್ಗ ಬಿಗಿಯಾಗಿ ನಿಂತುಬಿಟ್ಟಿತು. ಇಬ್ಬರೂ ಸೇರಿ ಎಳೆದರು, ಮೇಲೆ ಬರಲಿಲ್ಲ. ಹಗ್ಗ ಮಾತ್ರ ಎರಡೆರಡು ಸಲ ಜಗ್ಗುತ್ತಲೇ ಇತ್ತು. ಮೇಲೆಳಿ, ಮೇಲೆಳಿ.

ನಮ್ಮ ಚಿಕ್ಕಪ್ಪ ಒಬ್ಬರು ಬಾವಿಯಲ್ಲಿ ಕಲ್ಲಿಗೆ ಸಿಕ್ಕಿಕೊಂಡಾಗ ಹಗ್ಗ ಹೀಗೇ ನಿಂತಿತ್ತು. ಆ ದಿನ ಬಾವಿಕಟ್ಟೆಯ ಮೇಲೆ ನಿಂತು ನೋಡಿದ್ದು ನೆನಪಾಯಿತು. ಪಂಪಿನ ಹಿಡಿಯನ್ನು ಡ್ರೈವರ್ ಕೈಗೆ ತುರುಕಿ, "ಹೊಡಿಯಯ್ಯಾ, ನಿಲ್ಲಿಸಬೇಡ!" ಅಂದು, ಸೀರೆ ಕಚ್ಚೆ ಹಾಕಿ ನೀರಿಗೆ ಹಾರಿದೆ.

ಉಪ್ಪು ಕಣ್ಣಿಗೆ ಖಾರ ಹಾಕಿದ ಹಾಗಾಯಿತು. ಬಾವಿಯ ನೀರಲ್ಲ ಇದು, ಅಕ್ಕಪಕ್ಕ ತಳ್ಳುತ್ತದೆ. ಪೈಪು ಹಿಡಿದುಕೊಂಡು ಕೈ ಮೇಲೆ ಕೈ ಇಡುತ್ತ ಇಳಿದೆ. ಹಸಿರು ಬೆಳಕಿನಲ್ಲಿ ಹಂಡೆ ಕಾಣಿಸಿತು. ಅವರು ಎರಡು ಕೈಯಲ್ಲೂ ಒಂದು ಬಂಡೆಯನ್ನು ತಬ್ಬಿಕೊಂಡು ಮಂಡಿಯೂರಿದ್ದರು. ಸುತ್ತ ಹಳದಿ ಪಟ್ಟೆಯ ಮೀನುಗಳು, ಒಂದು ಹಿಂಡು. ಒಂದು ಮೀನು ಗಾಜಿನ ಹತ್ತಿರ ಬಂದು ಒಳಗೆ ಇಣುಕುತ್ತಿತ್ತು.

ನಾನು ಹೆಗಲು ಹಿಡಿದೆ. ಗಾಜಿನ ಹಿಂದೆ ಮುಖ ತಿರುಗಿತು, ಮೂಗು, ಮೀಸೆ. ನಕ್ಕರು! ಒಂದು ಕೈಯಿಂದ ಹಂಡೆಯ ಅಂಚು ಸ್ವಲ್ಪ ಎತ್ತಿ, ಇನ್ನೊಂದು ಕೈಯಿಂದ ನನ್ನ ಕುತ್ತಿಗೆ ಹಿಡಿದು ಕೆಳಗಿನಿಂದ ನನ್ನ ತಲೆಯನ್ನೂ ಒಳಗೆ ಸೇರಿಸಿಕೊಂಡರು. ಗಲ್ಲದವರೆಗೆ ನೀರು, ಅದರ ಮೇಲೆ ಗಾಳಿ. ರಬ್ಬರಿನ ವಾಸನೆ, ಹುಣಿಸೆಹಣ್ಣಿನಿಂದ ಉಜ್ಜಿದ ತಾಮ್ರದ ವಾಸನೆ. ಇಬ್ಬರ ಮೂಗೂ ತಗಲುತ್ತಿತ್ತು.

"ನೀನು ಹೇಳಿದ್ದು ನಿಜ ಕಣೇ," ಅಂದರು. ದನಿ ಗುಂಯ್ ಅಂತ ಸುತ್ತಿ ಬಂತು. "ಬೆಳಕು ಹಸಿರೇ. ಮೀನು ಕಾಲು ಕಚ್ಚಿತು."

ನನಗೆ ಅಳು, ಕೆಮ್ಮು, ಎಲ್ಲ ಒಟ್ಟಿಗೆ. "ಎರಡು ಸಲ ಯಾಕ್ರೀ ಜಗ್ಗಿದ್ರಿ? ಪ್ರಾಣ ಹೋಯ್ತಲ್ರೀ ನಮ್ಗೆ!"

"ನಾನೆಲ್ಲಿ ಜಗ್ಗಿದೆ? ನೀವೇ ಎಳೀತಿದ್ರಿ. ಇನ್ನೂ ನೋಡ್ಬೇಕಿತ್ತು, ಅದಕ್ಕೇ ಬಂಡೆ ಹಿಡ್ಕೊಂಡೆ."

ಅಲೆ. ದೋಣಿಯನ್ನು ಎತ್ತಿ ಇಳಿಸಿ ಹಗ್ಗ ಜಗ್ಗಿದ್ದು ಅಲೆ. ನಮ್ಮ ಬಾವಿಯ ಸನ್ನೆ ನಿಂತ ನೀರಿನದು, ಅದನ್ನು ಗಂಟು ಕಟ್ಟಿಕೊಂಡು ಕಡಲಿಗೆ ಬಂದಿದ್ದೆ. ಮೇಲೆ ಮೀನುಗಾರನೂ ಅಷ್ಟು ಹೊತ್ತಿಗೆ ಡ್ರೈವರಿಗೆ ಅದನ್ನೇ ಹೇಳುತ್ತಿದ್ದನಂತೆ. ಆದರೆ ನನ್ನ ತಪ್ಪು ಅಲೆಯ ಮೇಲೆ ಹಾಕುವಂಥದ್ದಲ್ಲ.

"ಗಾಳಿ ನಿಂತಿತ್ತಲ್ರೀ," ಅಂದೆ.

"ಹೂಂ. ನಿಂತಿತ್ತು."

"ಭಯ ಆಗ್ಲಿಲ್ವಾ?"

"ನೀನು ಏನೋ ನೋಡ್ತಾ ಇದೀಯ ಅಂದ್ಕೊಂಡೆ. ಮತ್ತೆ ಶುರು ಮಾಡ್ತೀಯ ಅಂತ ಗೊತ್ತಿತ್ತು." ಆಮೇಲೆ ಕೇಳಿದರು, "ಏನು ನೋಡ್ತಾ ಇದ್ದೆ?"

"ಆಮೆ," ಅಂದೆ.

"ಹೂಂ," ಅಂದರು.

ನಾನು ಉಸಿರು ತುಂಬಿಕೊಂಡು ಮೇಲೆ ಬಂದು ದೋಣಿ ಹತ್ತಿದೆ. ಡ್ರೈವರ್ ಕೈಯಿಂದ ಪಂಪು ಕಿತ್ತುಕೊಂಡೆ. ಅವರು ಸಾಕಾಗಿ ಹಗ್ಗ ಹಿಡಿದು ಮೇಲೇರುವವರೆಗೂ ಹೊಡೆದೆ. ಬಂಡೆಗಳ ಆಚೆ ಏಳೆಂಟು ಡಾಲ್ಫಿನ್‌ಗಳು ಸಾಲಾಗಿ ಹಾರುತ್ತಿವೆ ನೋಡಿ ನೋಡಿ ಅಂತ ಆ ಇಬ್ಬರೂ ಕುಣಿದರು. ನಾನು ಗುಳ್ಳೆ ಬಿಟ್ಟು ಕಣ್ಣು ತೆಗೆಯಲಿಲ್ಲ.

ಇಷ್ಟಾದ ಮೇಲೂ ಕೆಂಗೇರಿಯಲ್ಲಿ ಇಳಿದೆಯಾ ಅಂತ ಮೊಮ್ಮಕ್ಕಳು ಕೇಳುತ್ತಾರೆ. ಇಳಿದೆ. ಎರಡು ವರ್ಷ ಕಟ್ಟಿದ ಸಿಟ್ಟು ಒಂದು ಮುಳುಗಿಗೆ ಕರಗುವಂಥದ್ದಲ್ಲ. ಕಂಡಕ್ಟರ್ ಕೆಂಗೇರಿ ಅಂದ ಕೂಡಲೇ ಎದ್ದುಬಿಟ್ಟೆ. "ನಾನು ಇಳೀತೀನಿ," ಅಂದೆ. ನಮ್ಮವರೂ ಎದ್ದು, ಮೇಲಿಟ್ಟಿದ್ದ ನನ್ನ ಸೀರೆ ಗಂಟನ್ನು ತೆಗೆದು ಬಾಗಿಲವರೆಗೆ ತಂದು ಕೊಟ್ಟರು. ಮತ್ತೆ ಹೋಗಿ ಹಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಬಸ್ಸು ಹೋಯಿತು.

ತೌರಿನಲ್ಲಿ ಅಪ್ಪ ಮೊದಲು ಕೇಳಿದ್ದು, "ಹಂಡೆ ಹೆಂಗಿದೆ ಮಗಾ, ಸೋರ್ತಾ ಇಲ್ವಲ್ಲ?" ಅಂತ. ಇಲ್ಲ ಅಂದೆ. ಬೇಕಾದಷ್ಟು ಬಯಲು, ಬೇಕಾದಷ್ಟು ನಡೆದೆ. ಬಾವಿಗೂ ಇಳಿದೆ. ಆದರೆ ಅಲ್ಲಿಯೂ ಒಂದು ಕಡೆ ನಿಲ್ಲಲಾಗಲಿಲ್ಲ. ಊಟಕ್ಕೆ ಕೂತರೆ ಕೈ ತಾನಾಗಿಯೇ ಎತ್ತುತ್ತಿತ್ತು, ಒತ್ತುತ್ತಿತ್ತು. ಅಮ್ಮ ಅದನ್ನು ನೋಡಿ ಏನೇ ಅದು ಅಂದರು. ನಾನು ಪಂಪು ನಿಲ್ಲಿಸಿ ಎಷ್ಟು ದಿನವಾಯಿತು ಅಂತ ಎಣಿಸಿದೆ. ಹದಿನಾರು. ಆ ಮನುಷ್ಯ ಹಗ್ಗ ಜಗ್ಗುವವರಲ್ಲ, ಕಾಗದ ಬರೆಯುವವರೂ ಅಲ್ಲ. ತಟ್ಟೆ ಬಿಟ್ಟು ಎದ್ದೆ.

ಬಿನ್ನಿಪೇಟೆ ಮುಟ್ಟುವಾಗ ಗಿರಣಿಯ ಸಂಜೆ ಸೈರನ್ ಕೂಗುತ್ತಿತ್ತು. ಬಾಗಿಲು ತೆರೆದಿತ್ತು. ಬಚ್ಚಲ ಒಲೆಯ ಮೇಲೆ ಹಂಡೆ, ಕಿಟಕಿಯ ಜಾಗದಲ್ಲಿ ಹೊಸ ತಾಮ್ರದ ತೇಪೆ, ಒಳಗೆ ನೀರು ಹೊಗೆಯಾಡುತ್ತಿತ್ತು. ಪೈಪಿನ ತೂತನ್ನೂ ಮುಚ್ಚಿದ್ದರು, ಒಂದು ತೊಟ್ಟೂ ಸೋರುತ್ತಿರಲಿಲ್ಲ. ನಮ್ಮವರು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ತಿರುಗಿ ನೋಡಿದರು, ನನ್ನನ್ನು, ಗಂಟನ್ನು.

"ಇಷ್ಟು ದಿನ ಏನು ನೋಡ್ತಾ ಇದ್ದೆ?" ಅಂದರು.

"ಆಮೆ," ಅಂದೆ.

"ಹೂಂ," ಅಂದು ಅವರು ಪಕ್ಕಕ್ಕೆ ಸರಿದರು. ನಾನು ಗಂಟು ಕೆಳಗಿಟ್ಟು ಅವರ ಪಕ್ಕ ಕೂತು, ಒಲೆಗೆ ಇನ್ನೊಂದು ಸೌದೆ ನೂಕಿದೆ.